ಶಿವನಂಜಪ್ಪನವರ ಮರದ ಜಿಲ್ಲೆ

ಶಿವನಂಜಪ್ಪನವರು ಯಾರ ಮನೆಗೆ ಹೋದರೂ ಕೂತುಕೊಳ್ಳುವ ಮೊದಲು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಒರಟಾಗಿ ಸಿಕ್ಕಿತೋ, ಮುಗಿಯಿತು. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಉಪ್ಪುಕಾಗದ ತೆಗೆದು, ಮನೆಯವರನ್ನು ಒಂದು ಮಾತೂ ಕೇಳದೆ, ಕಾಫಿ ಬರುವುದರೊಳಗೆ ಉಜ್ಜಿ ನುಣ್ಣಗೆ ಮಾಡಿಬಿಡುತ್ತಿದ್ದರು. ನಮ್ಮ ಊಟದ ಮೇಜು, ದೇವರ ಮನೆಯ ಮಣೆ, ಕಡೆಗೆ ನನ್ನ ಗಂಡ ಆಸೆಪಟ್ಟು ತಂದ ಹೊಸ ಕುರ್ಚಿಯ ಕೈ, ಎಲ್ಲಕ್ಕೂ ಈ ಉಪಚಾರ ಆಗಿತ್ತು. ಕುರ್ಚಿಯ ಪಾಲಿಶ್ ಹೋಯಿತೆಂದು ನನ್ನ ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದರು. "ಪಾಲಿಶ್ ಓದ್ರೆ ಬತ್ತದೆ. ಮಗೀನ ಕೈಗೆ ಸಿಬ್ರು ಚುಚ್ಚಿದ್ರೆ?" ಎಂದು ಶಿವನಂಜಪ್ಪನವರು ನನ್ನನ್ನೇ ಕೇಳಿದರು. ನಮ್ಮ ಮನೆಯಲ್ಲಿ ಆಗ ಮಗುವೇ ಇರಲಿಲ್ಲ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು.

ಹೊಳೆನರಸೀಪುರದಲ್ಲಿ ಅವರದು ನಮ್ಮ ಪಕ್ಕದ ಮನೆ. ಗೊರೂರು ಅಣೆಕಟ್ಟೆಯ ಕಚೇರಿಯಲ್ಲಿ ಟ್ರೇಸರ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಎಂಜಿನಿಯರು ಬರೆದ ನಾಲೆ, ತೂಬುಗಳ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹರಡಿ, ಶಾಯಿಯಲ್ಲಿ ಗೆರೆಯ ಮೇಲೆ ಗೆರೆ ಎಳೆಯುವುದು ಅವರ ಕೆಲಸವಾಗಿತ್ತು. ಕಂಪ್ಯೂಟರ್ ಬಂದಮೇಲೆ ಆ ಕೆಲಸವೇ ಇಲ್ಲವಾಯಿತು, ಕೈ ಮಾತ್ರ ಸುಮ್ಮನಿರಲು ಒಪ್ಪಲಿಲ್ಲ. ನಿವೃತ್ತರಾದ ವರ್ಷವೇ ಹಾಸನಕ್ಕೆ ಹೋಗಿ ಒಂದು ಸ್ಕ್ರಾಲ್ ಸಾ ಯಂತ್ರ ಹೊತ್ತು ತಂದು ಹಜಾರದ ಕಿಟಕಿಯ ಪಕ್ಕ ಕೂರಿಸಿದರು. ಸ್ಕ್ರಾಲ್ ಸಾ ಎಂದರೆ ತೆಳ್ಳನೆಯ ತಂತಿಯಂಥ ಗರಗಸ, ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ನಿಂತಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ. ಗರಗಸ ಜಾಗ ಬಿಟ್ಟು ಕದಲುವುದಿಲ್ಲ. ಹಲಗೆಯ ಮೇಲೆ ಚಿತ್ರದ ಕಾಗದ ಅಂಟಿಸಿ, ಹಲಗೆಯನ್ನೇ ಗೆರೆಯ ಪ್ರಕಾರ ತಿರುಗಿಸುತ್ತಾ ಹೋಗಬೇಕು. ನಡುವಿನಲ್ಲಿ ಕೊರೆಯಬೇಕಾದರೆ ಒಂದು ತೂತು ಮಾಡಿ, ಗರಗಸವನ್ನು ಬಿಚ್ಚಿ, ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿಯಬೇಕು. ಒಂದು ನವಿಲಿಗೆ ಇಂಥ ಎಂಬತ್ತು ತೂತು. ಇಷ್ಟು ತಾಳ್ಮೆ ನನಗಿದ್ದಿದ್ದರೆ ನಾನು ಮೇಷ್ಟರಿಕೆಯಲ್ಲಿ ಇಷ್ಟು ಕಿರುಚುತ್ತಿರಲಿಲ್ಲ.

ಬೀದಿಗೆ ಕೇಳುವ ಸದ್ದು ಥೇಟ್ ಹೊಲಿಗೆ ಮಿಷನ್ನಿನದೇ. ಒಮ್ಮೆ ಅರಕಲಗೂಡಿನ ಕಡೆಯ ಹೆಂಗಸೊಬ್ಬಳು ಸದ್ದು ಕೇಳಿಕೊಂಡು ಒಳಗೇ ಬಂದು, ರವಿಕೆ ಕಣ ಮುಂದಿಟ್ಟು, ಮದುವೆಗೆ ಬಂದಿದ್ದೀನಿ, ಸಂಜೆಯೊಳಗೆ ಬೇಕು ಅಂದಳು. ಶಿವನಂಜಪ್ಪನವರು ತಲೆ ಎತ್ತದೆ, "ನಾ ಮರದ ರವಕೆ ವಲಿಯೋನು ಕಣವ್ವ, ಆಯ್ತದಾ?" ಎಂದರು. ಅವರ ಹೆಂಡತಿ ಸರ್ವಮಂಗಳಮ್ಮ ಅವಳನ್ನು ಕೂರಿಸಿ ಮಜ್ಜಿಗೆ ಕೊಟ್ಟು, ನಿಜವಾದ ಟೈಲರ್ ಅಂಗಡಿಗೆ ತಾವೇ ಕರೆದುಕೊಂಡು ಹೋದರು. ಸಾರಿನ ಪಾತ್ರೆಗೂ ಮರದ ಹೊಟ್ಟು ಬೀಳುವ ಮನೆಯಲ್ಲಿ ಆಕೆ ಸಂಸಾರ ಮಾಡುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಆಕೆ ದಿನಾ ಹೇಳುವುದು, ಇವರು ದಿನಾ ಹ್ಞೂಂ ಅನ್ನುವುದು, ಕಟ್ಟಿಕೊಳ್ಳದೇ ಇರುವುದು.

ಇದನ್ನು ಹವ್ಯಾಸ ಎಂದು ಒಪ್ಪಲು ನಮ್ಮ ಜನಕ್ಕೆ ಏನು ರೋಗವೋ ಕಾಣೆ. ಇಸ್ಪೀಟಾಡಿದರೆ ಹವ್ಯಾಸ, ಟೀವಿ ಮುಂದೆ ಬಾಯಿ ತೆರೆದು ಮಲಗಿದರೆ ವಿಶ್ರಾಂತಿ, ಮರ ಕೊಯ್ದರೆ ಮಾತ್ರ ಅವಮಾನ. ಚನ್ನರಾಯಪಟ್ಟಣದಲ್ಲಿ ಮಂಡಿ ಇಟ್ಟುಕೊಂಡಿರುವ ಅವರ ದಾಯಾದಿಯೊಬ್ಬರು, ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ನಾಲ್ಕು ಜನಕ್ಕೆ ಕೇಳುವ ಹಾಗೆ, ಪೆನ್ಷನ್ ಬರುವವನಿಗೆ ಬಡಗಿ ಕೆಲಸ ಮಾಡುವ ಕರ್ಮ ಯಾಕೆ, ನಮ್ಮ ಮನೆತನದಲ್ಲಿ ಯಾರಾದರೂ ಮಾಡಿದ್ದರೇ ಎಂದರು. ಅವರ ಎದುರು ಸಾಲಿನಲ್ಲಿ ಕೂತಿದ್ದ ನಾನು ಅರ್ಧ ತಿಂದ ಒಬ್ಬಟ್ಟನ್ನು ಎಲೆಯ ಮೇಲೆ ಕುಕ್ಕಿದೆ. ಶಿವನಂಜಪ್ಪನವರು ಎಲೆಯ ಮೇಲಿನ ಕೋಸಂಬರಿ ಮುಗಿಸಿ, "ಬಡಗೀನೇ ಆಗಿದ್ರೆ ಇನ್ನೂ ಚಂದಾಗಿ ಮಾಡ್ತಿದ್ದೆ ಕಣಣ್ಣ. ನಾ ಸುರು ಮಾಡಿದ್ದೇ ಲೇಟು" ಎಂದರು. ಅಷ್ಟೇ. ಅವರ ಜಗಳವೆಲ್ಲ ಇಷ್ಟರಲ್ಲೇ ಮುಗಿಯುತ್ತಿತ್ತು. ಅವರ ಪರವಾಗಿ ಸಿಟ್ಟು ಮಾಡಿಕೊಳ್ಳುವ ಕೆಲಸ ಹಾಗಾಗಿ ನನ್ನ ಪಾಲಿಗೆ ಬಂದಿತ್ತು.

ನಾನು ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುತ್ತೇನೆ. ಶಾಲೆಯ ಹೆಸರು ಬೇಡ. ನಮ್ಮ ಮಕ್ಕಳಿಗೆ ಆಫ್ರಿಕಾ ಗೊತ್ತು, ಪಕ್ಕದ ತಾಲ್ಲೂಕು ಯಾವ ದಿಕ್ಕಿಗಿದೆ ಗೊತ್ತಿಲ್ಲ ಎಂದು ಒಂದು ಸಂಜೆ ಕಾಂಪೌಂಡಿನ ಮೇಲೆ ಕೈ ಇಟ್ಟು ಶಿವನಂಜಪ್ಪನವರ ಮುಂದೆ ಗೊಣಗಿದ್ದೆ. ಆರು ತಿಂಗಳಾದ ಮೇಲೆ ಕರೆದು ತೋರಿಸಿದರು. ಇಡೀ ಹಾಸನ ಜಿಲ್ಲೆ, ಮರದಲ್ಲಿ. ತಾಲ್ಲೂಕಿಗೊಂದು ತುಂಡು, ಒಂದೊಂದನ್ನೂ ಬೆರಳಿನಿಂದ ಎತ್ತಿ ತೆಗೆಯಬಹುದು, ಮತ್ತೆ ಕೂರಿಸಬಹುದು. ಒಂದಕ್ಕೂ ಬಣ್ಣ ಹಚ್ಚಿರಲಿಲ್ಲ. ಒಂದೊಂದು ತಾಲ್ಲೂಕಿಗೆ ಒಂದೊಂದು ಮರ. ಹೊಳೆನರಸೀಪುರ ಹಳದಿ ಹಲಸು, ಅರಸೀಕೆರೆ ಚುಕ್ಕೆಚುಕ್ಕೆಯ ತೆಂಗು, ಹಾಸನ ತೇಗ, ಅರಕಲಗೂಡು ಕೆಂಪು ಬೇವು, ಸಕಲೇಶಪುರ ಯಾರದೋ ಮುರಿದ ಮಂಚದ ಕಾಲಿನ ಕಪ್ಪು ಬೀಟೆ. ಹೇಮಾವತಿಯನ್ನು ಬೆರಳು ಇಳಿಯುವಷ್ಟು ಆಳಕ್ಕೆ ಕೊರೆದಿದ್ದರು. ತುಂಡುಗಳು ಸರಿಯಾಗಿ ಕೂತರೆ ಮಾತ್ರ ನದಿ ಕೂಡಿಕೊಳ್ಳುತ್ತಿತ್ತು. "ನೋಡಾಕಲ್ಲ ಟೀಚರಮ್ಮ, ಮುಟ್ಟಾಕೆ ಮಾಡಿರೋದು. ಮಕ್ಳ ಕೈಗೆ ಬುಟ್ಬುಡಿ" ಎಂದರು.

ಬಿಟ್ಟೆ. ಎರಡು ವರ್ಷ ಆ ನಕ್ಷೆ ಮಕ್ಕಳ ಕೈಯಲ್ಲಿ ಓಡಾಡಿತು. ಕಣ್ಣು ಮುಚ್ಚಿಕೊಂಡು ಸಕಲೇಶಪುರದಿಂದ ಗೊರೂರು ದಾಟಿ ನಮ್ಮೂರಿನ ತನಕ ಬೆರಳಲ್ಲಿ ಹೊಳೆ ಹಿಡಿದು ಬರುವ ಆಟ ಅವರೇ ಕಟ್ಟಿಕೊಂಡರು. ಆಲೂರು ಕೂರದೆ ಹಾಸನ ಕೂರುವುದಿಲ್ಲ ಎಂದು ಅವರವರೇ ಕಿತ್ತಾಡಿ ಕಲಿತರು. ಒಮ್ಮೆ ಚನ್ನರಾಯಪಟ್ಟಣ ಕೆಳಗೆ ಬಿದ್ದು ಮೂಲೆ ಮುಕ್ಕಾಯಿತು. ಹೆದರಿಕೊಂಡು ತೆಗೆದುಕೊಂಡು ಹೋದರೆ ಶಿವನಂಜಪ್ಪನವರಿಗೆ ಖುಷಿಯೋ ಖುಷಿ. ಮುಕ್ಕಾಗಿದೆ ಎಂದರೆ ಯಾರೋ ಆಡಿದ್ದಾರೆ ಎಂದರ್ಥ ಅಂದುಕೊಂಡು ಹೊಸ ಮೂಲೆ ಕೂರಿಸಿಕೊಟ್ಟರು.

ಆಮೇಲೆ ದೊಡ್ಡ ಅಧಿಕಾರಿಯೊಬ್ಬರು ಶಾಲೆ ನೋಡಲು ಬರುತ್ತಾರೆ ಎಂದಾಯಿತು. ಅಧಿಕಾರಿ ಬರುತ್ತಾರೆ ಅಂದರೆ ನಮ್ಮ ಶಾಲೆಗಳಿಗೆ ಮೈಮೇಲೆ ಬಂದ ಹಾಗೆ. ಕಲ್ಲಿಗೂ ಸುಣ್ಣ, ಮರದ ಬುಡಕ್ಕೂ ಸುಣ್ಣ. ಅದೇ ವಾರ ನನಗೆ ಹಾಸನದಲ್ಲಿ ತರಬೇತಿ ಇತ್ತು. ಹೊರಡುವ ಮುಂಚೆ ಹೆಡ್ ಮಾಸ್ಟರು ರಟ್ಟುಗಳನ್ನು ತಂದಿಟ್ಟು, ನಿಮ್ಮ ದುಂಡಕ್ಷರ ಶಾಲೆಯಲ್ಲಿ ಇನ್ಯಾರಿಗಿದೆ ಮೇಡಂ, ಒಂದಾರು ಬೋರ್ಡು ಬರೆದುಕೊಡಿ ಅಂದರು. ಹೂವಿನ ಗಿಡಕ್ಕೆ, ಲ್ಯಾಬಿಗೆ ಬೇಕು ಅಂದರು. ಹೊಗಳಿಕೆಗೆ ಉಬ್ಬಿಹೋಗಿ, ಕೆಂಪು ಶಾಯಿಯಲ್ಲಿ ಆರಕ್ಕೂ 'ಮುಟ್ಟಬಾರದು' ಎಂದು ಬರೆದುಕೊಟ್ಟೆ. ಶಿವನಂಜಪ್ಪನವರಿಗೂ ಹೇಳಿದೆ, ಅವತ್ತು ಬನ್ನಿ, ನಿಮ್ಮ ನಕ್ಷೆಯನ್ನು ಅಧಿಕಾರಿಗಳ ಕೈಗೇ ಕೊಡಿಸುತ್ತೇನೆ ಅಂತ.

ತರಬೇತಿ ಮುಗಿಸಿ ನಾನು ಶಾಲೆಗೆ ಬಂದದ್ದು ಅಧಿಕಾರಿ ಬರುವ ದಿನ ಬೆಳಿಗ್ಗೆ, ಶಿವನಂಜಪ್ಪನವರ ಜೊತೆಯಲ್ಲೇ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹಣೆಗೆ ವಿಭೂತಿ ಇಟ್ಟುಕೊಂಡಿದ್ದರು. ಹೆಡ್ ಮಾಸ್ಟರ ಕೋಣೆಯ ಬಾಗಿಲ ಮೇಲೆ, ನನ್ನ ಕೈಗೂ ಎಟುಕದ ಎತ್ತರದಲ್ಲಿ, ಗಾಜಿನ ಚೌಕಟ್ಟಿನೊಳಗೆ ನಕ್ಷೆ ತೂಗುತ್ತಿತ್ತು. ಹಲಸಿನ ಮೇಲೆ ಹಸಿರು ಎನಾಮಲ್ ಪೇಂಟು, ಬೇವಿನ ಮೇಲೆ ಗುಲಾಬಿ, ಬೀಟೆಯ ಮೇಲೆ, ಯಾವ ಪಾಪಿಯ ಕೈಯೋ, ಬಂಗಾರದ ಬಣ್ಣ. ತುಂಡುಗಳು ಕಳೆದುಹೋಗದಿರಲಿ ಎಂದು ಗೋಂದು ಹಾಕಿ ಅಂಟಿಸಿದ್ದರು. ಹೇಮಾವತಿಯಲ್ಲಿ ನೀಲಿ ಪೇಂಟು ಮಡುಗಟ್ಟಿ ಒಣಗಿತ್ತು. ಎಲ್ಲದರ ಕೆಳಗೆ ನನ್ನ ಕೆಂಪು ದುಂಡಕ್ಷರ, ಮುಟ್ಟಬಾರದು.

ನನ್ನ ಮೈ ಉರಿದುಹೋಯಿತು. ಹೆಡ್ ಮಾಸ್ಟರು ಮಾತ್ರ ಮದುವೆ ಮನೆ ಯಜಮಾನರ ಹಾಗೆ ನಗುತ್ತಾ ನಿಂತಿದ್ದರು. ನಿಮ್ಮದು ಬರೀ ಮರದ ಬಣ್ಣವಾಗಿತ್ತು ಯಜಮಾನರೇ, ಡಲ್ ಹೊಡೀತಿತ್ತು, ಈಗ ನೂರು ವರ್ಷ ಏನೂ ಆಗುವುದಿಲ್ಲ ಎಂದು ಶಿವನಂಜಪ್ಪನವರಿಗೇ ಹೇಳಿದರು. ಕೆಟ್ಟ ಮನುಷ್ಯರಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವರು ನಿಜವಾಗಿಯೂ ಗೌರವ ತೋರಿಸಿದ್ದೇವೆ ಅಂದುಕೊಂಡಿದ್ದರು. ನಮ್ಮವರ ಗೌರವವೇ ಹೀಗೆ, ಒಳ್ಳೆಯದು ಕಂಡರೆ ಮೊದಲು ಅದರ ಮೇಲೆ ಪೇಂಟ್ ಬಳಿಯಬೇಕು, ಆಮೇಲೆ ಅದನ್ನು ಮಕ್ಕಳಿಂದ ದೂರ ಇಡಬೇಕು. ಅಧಿಕಾರಿ ಬಂದರು, ಕತ್ತೆತ್ತಿ ನೋಡಿ, ಲೇಸರ್ ಕಟಿಂಗಾ ಎಂದು ಕೇಳಿದರು. ಹೆಡ್ ಮಾಸ್ಟರು ಹೌದು ಸರ್ ಅಂದುಬಿಟ್ಟರು. ಎಂಥ ಧೈರ್ಯ ನೋಡಿ. ಮಾಡಿದ ಮನುಷ್ಯ ಮೂರು ಮಾರು ದೂರದಲ್ಲಿ ನಿಂತಿದ್ದಾನೆ.

ಶಿವನಂಜಪ್ಪನವರು ನಕ್ಷೆಯನ್ನು ನೋಡಿದರು, ಕೆಳಗಿನ ಬೋರ್ಡನ್ನು ಸ್ವಲ್ಪ ಹೊತ್ತು ನೋಡಿದರು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಕೊಟ್ಟ ಹಾರ ಹಾಕಿಸಿಕೊಂಡು, ಕೊಟ್ಟ ಖಾರಾಬೂಂದಿ ತಿಂದು, ಕೈ ಮುಗಿದು ಹೊರಟರು. ಬಸ್ ಸ್ಟಾಪಿನವರೆಗೂ ನಾನು ಅವರನ್ನು ಬೈಯುತ್ತಲೇ ಹೋದೆ. ಬಾಯಿಗೆ ಬೀಗ ಹಾಕಿಕೊಂಡಿದ್ದಿರಾ, ನಿಮ್ಮಂಥವರು ಸುಮ್ಮನಿರುವುದರಿಂದಲೇ ಇವರು ಹೀಗೆ ಕುಣಿಯುವುದು ಎಂದೆ. "ಬುಡಿ ಟೀಚರಮ್ಮ, ಬಸ್ ಬಂತು" ಎಂದರು ಅವರು. ಬೋರ್ಡು ಬರೆದದ್ದು ನಾನು ಎಂದು ಹೇಳಲು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಅವತ್ತಿನಿಂದ ಹೆಡ್ ಮಾಸ್ಟರನ್ನು ನಾನು ಎಷ್ಟು ಜೋರಾಗಿ ಬೈದೆನೋ, ಅದರಲ್ಲಿ ಅರ್ಧ ಆ ಮಾತನ್ನು ಮುಚ್ಚಿಡಲಿಕ್ಕೇ ಇತ್ತು. ನಕ್ಷೆ ಇಳಿಸಿಕೊಡಿ ಎಂದು ಎರಡು ಸಲ ಅರ್ಜಿ ಕೊಟ್ಟೆ, ಶಾಲೆಯ ಆಸ್ತಿ ಎಂದು ಬರೆದು ವಾಪಸ್ ಕೊಟ್ಟರು. ಅಷ್ಟಕ್ಕೇ ಕೈ ಬಿಟ್ಟೆ. ಬಾಯಿ ಮಾಡಿದಷ್ಟು ಕೈ ಮಾಡಲಿಲ್ಲ ನಾನು.

ಮೂರು ವರ್ಷವಾದ ಮೇಲೆ ಅವರಿಗೆ ಕೆಮ್ಮು ಎದೆಗೆ ಇಳಿಯಿತು. ಹಾಸನದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ನಾನು ಹೋದಾಗ ಸರ್ವಮಂಗಳಮ್ಮ ಔಷಧಿ ತರಲು ಕೆಳಗೆ ಹೋಗಿದ್ದರು. ಏನು ಮಾತಾಡಬೇಕು ತಿಳಿಯದೆ ಮತ್ತೆ ಅದೇ ರಾಗ ತೆಗೆದೆ. ಆ ಹೆಡ್ ಮಾಸ್ಟರಿಗೆ ವರ್ಗವಾಯಿತು, ಹೋಗುವಾಗಲೂ ಆ ಗಾಜನ್ನು ಒರೆಸಿಸಿ ಹೋದ ಪುಣ್ಯಾತ್ಮ, ನೀವು ಅವತ್ತು ಒಂದು ಮಾತು ಕೇಳಿದ್ದಿದ್ದರೆ ಎಂದೆಲ್ಲ. ಅವರು ಕೇಳಿಸಿಕೊಂಡು, ಉಸಿರು ಹಿಡಿದು ಹಿಡಿದು ಮಾತಾಡಿದರು.

"ಆ ಬೋರ್ಡು ನಿಮ್ಮಕ್ಸರ ಅಂತ ನಂಗೆ ಅವತ್ತೇ ಗೊತ್ತಾಯ್ತು ಕಣಮ್ಮ. ಆಲ್ನೋನಿಗೆ ಮನೇಲಿಲ್ಲ, ಆಲು ಬ್ಯಾಡ ಅಂತ ಗೇಟ್ ಮ್ಯಾಲೆ ಚೀಟಿ ಅಂಟಿಸ್ತಿದ್ರಲ್ಲ, ಅದೇ 'ಮ', ಅದೇ 'ಬ'. ಮೂವತ್ತು ವರ್ಸ ಅಕ್ಸರ ಟ್ರೇಸ್ ಮಾಡಿದೋನಿಗೆ ಗೊತ್ತಾಗಕಿಲ್ವಾ?" ಕೆಮ್ಮಿ, ದಿಂಬಿಗೆ ಒರಗಿಕೊಂಡರು. "ನಾ ಬಾಯ್ ಬುಟ್ಟಿದ್ರೆ, ಬರ್ದಿದ್ದು ನಿಮ್ಮ ಟೀಚರಮ್ನೇ ಅಂತ ಅವ್ರು ತೋರ್ಸೋರು. ಅಷ್ಟು ಮಕ್ಳ ಮುಂದೆ. ಅದ್ಕೇ ಸುಮ್ಕಾದೆ."

ಮೂರು ವರ್ಷ ಹೇಡಿ ಹೇಡಿ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ ಈ ಮನುಷ್ಯನನ್ನು. ನಾನು ಅತ್ತದ್ದನ್ನು ನೋಡಲಾರದೆ ಅವರು ಕಿಟಕಿಯ ಕಡೆ ತಿರುಗಿ, ಮಂಗಳ ಬರುವಾಗ ಒಂದು ಎಳನೀರು ತರುವುದಕ್ಕೆ ಫೋನ್ ಮಾಡಿ ಎಂದರು. ನಾನೇ ಹೋಗಿ ತಂದೆ. ಅವರನ್ನು ನೋಡಿದ್ದು ಅದೇ ಕಡೆ.

ಸುದ್ದಿ ಬಂದ ಮಾರನೆಯ ದಿನ ಶಾಲೆಯಲ್ಲಿ ಎರಡು ನಿಮಿಷದ ಮೌನ ಅಂತಾಯಿತು. ಹೊಸದಾಗಿ ಬಂದ ಹೆಡ್ ಮಾಸ್ಟರು ಕರಿಹಲಗೆ ತರಿಸಿ, ನನ್ನ ಕೈಗೆ ಬಣ್ಣದ ಸೀಮೆಸುಣ್ಣದ ಡಬ್ಬಿ ಕೊಟ್ಟು, ಯಜಮಾನರ ಹೆಸರು ನೀವೇ ಬರೆಯಿರಿ ಮೇಡಂ, ದುಂಡಕ್ಷರ ಅಂದರೆ ನಿಮ್ಮದೇ ಅಂತ ಎಲ್ಲರೂ ಹೇಳುತ್ತಾರೆ ಅಂದರು. ಮಕ್ಕಳು ಸಾಲಾಗಿ ನಿಂತು ಕಾಯುತ್ತಿದ್ದರು. ನಾನು ಡಬ್ಬಿಯನ್ನು ಅವರ ಮೇಜಿನ ಮೇಲೆ ಇಟ್ಟು, ಬಾಗಿಲಿಗೆ ಬಂದು ನಕ್ಷೆಯ ಕಡೆ ಕತ್ತೆತ್ತಿದೆ.

"ಸೀಮೆಸುಣ್ಣ ಬೇಡ ಸರ್" ಎಂದೆ. "ಒಂದು ಏಣಿ ತರಿಸಿ. ಒಂದು ಸ್ಕ್ರೂಡ್ರೈವರ್ ಕೊಡಿ."