ನನ್ನ ಕಾಲುಗುರು ತೇಯ್ದ ಸಿಸ್ಟರಮ್ಮ

ಬೆಳಿಗ್ಗೆ ನಲ್ಲಿ ನೀರು ಹಿಡಿದೆ. ಅತ್ತೆಗೆ ಬಿಪಿ ಮಾತ್ರೆ ಕೊಟ್ಟೆ. ಮಗಳು ಬಾಣಾವರದ ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಅವಳ ಡಬ್ಬಿಗೆ ಚಿತ್ರಾನ್ನ ಹಾಕಿ ಬಸ್ಸಿಗೆ ಕಳಿಸಿದೆ. ಹುರುಳಿ ನೆನೆಹಾಕಿ ಎರಡು ಬೆಡ್‌ಶೀಟ್ ಒಗೆದೆ. ಹನ್ನೊಂದಕ್ಕೆ ಚರ್ಮದ ಡಾಕ್ಟರ ಹತ್ತಿರ ಹೋಗಿ ಕಾಲಿನ ಹೆಬ್ಬೆರಳು ತೋರಿಸಿದೆ. ಬರುತ್ತಾ ಮಾತ್ರೆ, ಒಂದು ಡಬ್ಬಿ ಮುಲಾಮು ತಂದೆ. ಮನೆಗೆ ಬಂದು ಡಬ್ಬಿಯ ಮುಚ್ಚಳ ತಿರುಗಿಸಿದೆ. ಮೇಣಕ್ಕೆ ಸುಣ್ಣ ಕಲಸಿದಂಥ ವಾಸನೆ... ಹಿತ್ತಿಲ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ.

ಇಪ್ಪತ್ತೇಳು ವರ್ಷದ ಹಿಂದೆ ಇದೇ ಮೆಟ್ಟಿಲ ಮೇಲೆ ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಇದೇ ಮುಲಾಮು ಹಚ್ಚುತ್ತಿದ್ದವರು ಪಕ್ಕದ ಮನೆ ನರ್ಸು. ಅರಸೀಕೆರೆಯ ನಮ್ಮ ಬೀದಿಗೆಲ್ಲ ಅವರು ಸಿಸ್ಟರಮ್ಮ. ಒಂಟಿ ಹೆಂಗಸು. ಅವರ ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಒಂದು ಮೇಜು, ಮೇಜಿನ ಮೇಲೆ ಬಿಪಿ ನೋಡುವ ಯಂತ್ರ. ಸಂಜೆಯಾದರೆ ಬೀದಿಯ ಹೆಂಗಸರೆಲ್ಲ ಅಲ್ಲೇ.

ನನ್ನ ಉಗುರು ಕೆಟ್ಟಿದ್ದು ತವರಲ್ಲಿ. ಹಾರನಹಳ್ಳಿಯ ಗದ್ದೆಯಲ್ಲಿ ನಾಟಿ ಮಾಡುವಾಗ ಹಿಡಿದದ್ದು, ಮದುವೆಯಾಗಿ ಆರು ವರ್ಷವಾದರೂ ಬಿಟ್ಟಿರಲಿಲ್ಲ. ಎರಡೂ ಹೆಬ್ಬೆರಳ ಉಗುರು ಹಳದಿಯಾಗಿ, ದಪ್ಪಗೆ, ಹಳೆಯ ಕೊಬ್ಬರಿ ಚೂರಿನ ಹಾಗೆ ಎದ್ದು ನಿಂತಿದ್ದವು. ಬೇವಿನೆಣ್ಣೆ ಆಯ್ತು, ಅರಿಶಿನ ಆಯ್ತು, ಯಾರೋ ಹೇಳಿದರು ಅಂತ ಮೈಲುತುತ್ತವೂ ಆಯ್ತು. ಮದುವೆ ಮುಂಜಿಗೆ ಹೋದರೆ ಸೀರೆಯ ನಿರಿಗೆ ಕೆಳಗೆಳೆದುಕೊಂಡು ಕೂರುತ್ತಿದ್ದೆ. ನಲ್ಲಿ ಹತ್ತಿರ ಒಂದು ದಿನ ಸಿಸ್ಟರಮ್ಮ ನೋಡಿಬಿಟ್ಟರು. ಏನೇ ಇದು, ಕಾಲಲ್ಲಿ ಅಣಬೆ ಬೆಳೆಸ್ಕೊಂಡಿದೀಯಲ್ಲೇ ಅಂತ ನಕ್ಕರು. ಮರುವಾರವೇ ಡಾಕ್ಟರಿಗೆ ತೋರಿಸಿ ಮಾತ್ರೆ ಬರೆಸಿದರು. ವರ್ಷಗಟ್ಟಲೆ ನುಂಗಬೇಕು, ತುಪ್ಪ ಹಾಕಿಕೊಂಡು ಉಂಡ ಮೇಲೇ ನುಂಗಬೇಕು. ಇನ್ನೊಂದು ಮಾತನ್ನು ಅವರು ನನ್ನ ಮುಖ ಹಿಡಿದೆತ್ತಿ ಹೇಳಿದ್ದರು: "ತಿಂಗಳು ನಿಂತರೆ ಅವತ್ತೇ ನನಗೆ ಹೇಳ್ಬೇಕು. ಹೊಟ್ಟೇಲಿ ಮಗು ಇದ್ದಾಗ ಈ ಮಾತ್ರೆ ಬೇಡ." ತಲೆಯಾಡಿಸಿದೆ. ಎರಡು ಸಲ ಕಳೆದುಹೋಗಿ ಮೂರು ವರ್ಷವಾಗಿತ್ತು, ಇನ್ನೆಲ್ಲಿಯ ಬಸಿರು ಅಂತ ನನ್ನ ಲೆಕ್ಕ.

ಪ್ರತಿ ಭಾನುವಾರ ಬಿಸಿನೀರಲ್ಲಿ ಕಾಲು ನೆನೆಸಿ, ಒರೆಸಿ, ಅರದಿಂದ ಉಗುರು ತೇಯುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು ಕಾಲು ಹಿಡಿದರೆ ನನಗೆ ಮುಜುಗರ. ಎಳೆದುಕೊಂಡರೆ ಮೊಣಕಾಲಿಗೆ ಒಂದು ಕೊಡುತ್ತಿದ್ದರು. ಆಮೇಲೆ ಮಾತ್ರೆಯ ಹಾಳೆ ಎಣಿಸುವುದು, ತಿಂಗಳು ಆಯ್ತಾ ಅಂತ ಕೇಳುವುದು. ನಾಲ್ಕನೇ ತಿಂಗಳಿಗೆ ಬುಡದಲ್ಲಿ ಅಕ್ಕಿಕಾಳಿನಷ್ಟು ಹೊಸ ಉಗುರು ಗುಲಾಬಿಯಾಗಿ ಮೂಡಿತು. ದಿನಕ್ಕೆ ಹತ್ತು ಸಲ ಬಗ್ಗಿ ನೋಡುತ್ತಿದ್ದೆ.

ಆಗಲೇ ತಿಂಗಳು ನಿಂತಿತು.

ಅತ್ತೆಗೆ ಹೇಳಿದೆ. ಅವರು ದೇವರ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡರು. ಮೂರು ತಿಂಗಳು ತುಂಬುವ ತನಕ ಗಂಡನ ಹೊರತು ಯಾರ ಕಿವಿಗೂ ಬೀಳಬಾರದು. ಹಿಂದಿನ ಎರಡು ಸಲವೂ ನಾನು ಮೊದಲೇ ಬಾಯಿ ಬಿಟ್ಟಿದ್ದಕ್ಕೇ ಹಾಗಾಯಿತು ಅನ್ನುವುದು ಅವರ ನಂಬಿಕೆ. ನನ್ನದೂ ಅದೇ ಆಗಿತ್ತು. ಮಾತ್ರೆ ನಿಲ್ಲಿಸಲೇ ಅಂತ ಕೇಳಿದೆ. ನಿಲ್ಲಿಸಿದರೆ ಸಿಸ್ಟರಮ್ಮ ಯಾಕೆ ಅಂತ ಕೇಳ್ತಾಳೆ, ಉಗುರಿಗೆ ಕೊಟ್ಟಿದ್ದು ಹೊಟ್ಟೆಗೇನು ಮಾಡ್ತದೆ, ನುಂಗು ಅಂದರು. ಸಿಸ್ಟರಮ್ಮ ಹೇಳಿದ್ದ ಎಚ್ಚರಿಕೆಯನ್ನು ನಾನು ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಮೊದಲೇ ಯಾಕೆ ಅಂಥ ಮಾತ್ರೆ ಹಿಡಿದೆ ಅಂತ ನನಗೇ ಬೀಳುತ್ತಿತ್ತು. ಸುಮ್ಮನೆ ಬಚ್ಚಲಿಗೆ ಹಾಕಬಹುದಿತ್ತು. ಆದರೆ ಆ ಗುಲಾಬಿ ಉಗುರು... ಅದರ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಐದು ಭಾನುವಾರ ಸಿಸ್ಟರಮ್ಮ ತಿಂಗಳು ಆಯ್ತಾ ಅಂತ ಕೇಳಿದರು. ಐದು ಸಲವೂ "ಆಯ್ತಕ್ಕ" ಅಂದೆ.

ಆರನೇ ಭಾನುವಾರ ಅಡುಗೆಮನೆಯಿಂದ ಬಂದ ತುಪ್ಪದ ವಾಸನೆಗೆ ಮೆಟ್ಟಿಲ ಪಕ್ಕದಲ್ಲೇ ವಾಂತಿ ಮಾಡಿಕೊಂಡೆ. ಸಿಸ್ಟರಮ್ಮನ ಕೈಯಲ್ಲಿದ್ದ ಅರ ನಿಂತಿತು. ಎಷ್ಟು ದಿನ ಆಯ್ತು ಅಂತ ಕೇಳಿದರು. ಹೇಳಿದೆ. ಬೈಯಲಿಲ್ಲ. ಮಾತ್ರೆಯ ಹಾಳೆ ಕಿತ್ತುಕೊಂಡು, ಬಾಯಿ ತೊಳೆಸಿ, ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮಗುವಿಗೆ ತೊಂದರೆ ಆಗಿರಬಹುದು, ಆಗದೆಯೂ ಇರಬಹುದು, ಐದನೇ ತಿಂಗಳ ಸ್ಕ್ಯಾನಿನಲ್ಲಿ ಕೊಂಚ ತಿಳಿಯುತ್ತದೆ, ಪೂರ್ತಿ ಗೊತ್ತಾಗುವುದು ಹೆರಿಗೆಯಲ್ಲೇ ಅಂದರು ಡಾಕ್ಟರು.

ಅತ್ತೆಗೆ ವಿಷಯ ಹೇಳಲು ಸಿಸ್ಟರಮ್ಮನೇ ನನ್ನ ಜೊತೆ ಹಿತ್ತಿಲಿಗೆ ಬಂದರು. ಅತ್ತೆ ಒನಕೆ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವರ ಕಡೆ ತಿರುಗಿದರು.

"ವಯಸ್ಸಿನ ಹೆಣ್ಣಿಗೆ ಮಾತ್ರೆ ಕೊಡೋವಾಗ ಒಂದು ಮಾತು ಕೇಳ್ಬಾರದಾ? ನಿನ್ನ ಓದು ಬೂದಿ ಆಯ್ತಾ?"

ಸಿಸ್ಟರಮ್ಮ ನನ್ನ ಮುಖ ನೋಡಿದರು. ನಾನು ನನ್ನ ಹೆಬ್ಬೆರಳು ನೋಡುತ್ತಾ ನಿಂತೆ. ಗೋಡೆಯಾಚೆ ಇಬ್ಬರು ಹೆಂಗಸರು ಕಿವಿಗೊಟ್ಟು ನಿಂತಿದ್ದರು.

"ಕೇಳ್ಬೇಕಿತ್ತಮ್ಮ. ತಪ್ಪಾಯ್ತು" ಅಂದರು ಸಿಸ್ಟರಮ್ಮ.

ಅವತ್ತಿಂದ ಅವರ ಮನೆಗೆ ಹೋಗುವುದು ನಿಂತಿತು, ನನ್ನದಷ್ಟೇ ಅಲ್ಲ, ಬೀದಿಯವರದೂ. ಮೇಜಿನ ಮೇಲಿನ ಯಂತ್ರಕ್ಕೆ ಅವರು ಬಟ್ಟೆ ಮುಚ್ಚಿಟ್ಟಿದ್ದು ನಮ್ಮ ಅಡುಗೆಮನೆ ಕಿಟಕಿಗೆ ಕಾಣುತ್ತಿತ್ತು. ಸ್ಕ್ಯಾನಿನಲ್ಲಿ ಎಲ್ಲ ಸರಿಯಿದೆ ಅಂತ ಬಂದಾಗಲೂ ಅತ್ತೆಗೆ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ಸಿಸ್ಟರಮ್ಮ ಹಳೇಬೀಡಿಗೆ ವರ್ಗ ಕೇಳಿ ಪಡೆದು ಹೊರಟುಹೋಗಿದ್ದರು. ಉಳಿದ ತಿಂಗಳುಗಳನ್ನು ಹೇಗೆ ಕಳೆದೆನೋ... ಮಗು ಹೊಟ್ಟೆಯಲ್ಲಿ ಒದ್ದರೆ, ಒದ್ದ ಕಾಲು ಸರಿಯಿದೆಯೋ ಇಲ್ಲವೋ ಅಂತ ಬೆವರುತ್ತಿದ್ದೆ. ಹೆರಿಗೆಯಾದಾಗ ಅತ್ತೆ ಬಟ್ಟೆ ಬಿಚ್ಚಿ ಬೆರಳೆಲ್ಲ ಎಣಿಸಿದರು. ಇಪ್ಪತ್ತೂ ಇದ್ದವು.

ಮಗಳಿಗೆ ಮೂರು ತುಂಬಿದಾಗ ಮನೆಯವರೆಲ್ಲ ಬೇಲೂರು ನೋಡಿಕೊಂಡು ಹಳೇಬೀಡಿಗೆ ಹೋದೆವು. ದೇವಸ್ಥಾನದ ಎದುರು ಎಳನೀರು ಕುಡಿಯುತ್ತಿದ್ದಾಗ ರಸ್ತೆಯಾಚೆ ಸಿಸ್ಟರಮ್ಮ. ನಾನೊಬ್ಬಳೇ ಮಗುವನ್ನೆತ್ತಿಕೊಂಡು ದಾಟಿದೆ. ಅವರು ಮಗುವಿನ ಚಪ್ಪಲಿ ಬಿಚ್ಚಿ, ಒಂದೊಂದೇ ಬೆರಳು ಹಿಡಿದು ನೋಡಿ, ಮತ್ತೆ ಚಪ್ಪಲಿ ಹಾಕಿದರು. ಕಣ್ಣು ತುಂಬಿತ್ತು. ಆಮೇಲೆ ನನ್ನ ಕಾಲು ನೋಡಿದರು. ಅರ್ಧಕ್ಕೆ ನಿಂತ ಔಷಧಿ, ಉಗುರು ಮತ್ತೆ ಹಳದಿಗಟ್ಟಿತ್ತು.

"ಭಾನುವಾರ ರಜ ನನಗೆ. ಬಾ, ಮತ್ತೆ ಶುರು ಮಾಡೋಣ."

ಅಷ್ಟರಲ್ಲಿ ಆಚೆಯಿಂದ ಅತ್ತೆ ಕೂಗಿದರು. ಬರ್ತೀನಕ್ಕ ಅಂದೆ. ಜಾವಗಲ್ ಮೇಲೆ ಒಂದು ಬಸ್ಸು, ಅಷ್ಟೇ ದೂರ. ಹೋಗಲಿಲ್ಲ. ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡರು ಅಂತ ಹಳೇಬೀಡಿನಿಂದ ಬಂದ ಒಬ್ಬಾಕೆ ಹೇಳಿದಳು, ಮಾತಿನ ನಡುವೆ.

ಇವತ್ತು ರಾತ್ರಿ ಅತ್ತೆಗೆ ತಟ್ಟೆ ಹಾಕಿ ಎದುರು ಕೂತು ಎಲ್ಲ ಹೇಳಿಬಿಟ್ಟೆ. ಐದು ಭಾನುವಾರವೂ ಸಿಸ್ಟರಮ್ಮ ಕೇಳಿದ್ದು, ನಾನು ಸುಳ್ಳು ಹೇಳಿದ್ದು. ಬಾಗಿಲಲ್ಲಿ ನಿಂತು ಮಗಳೂ ಕೇಳಿಸಿಕೊಂಡಳು. ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

"ಅವಳೀಗ ಎಲ್ಲವ್ಳೆ?"

"ಇಲ್ಲ ಅತ್ತೆ. ಹೋಗ್ಬಿಟ್ರು."

"ಅವತ್ತೇ ಹೇಳೋಕೇನಾಗಿತ್ತೇ ನಿಂಗೆ?" ಅಂದರು. ಗದರಲಿಲ್ಲ. ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಊಟಕ್ಕೆ ಮುದ್ದೆ, ಹುರುಳಿ ಸಾರು, ಹಪ್ಪಳ. ನಾನು ತುಪ್ಪ ಹಾಕಿಕೊಂಡು ಉಂಡು ಮಾತ್ರೆ ನುಂಗಿದೆ. ಅತ್ತೆ ಅರ್ಧ ಮುದ್ದೆ ಬಿಟ್ಟರು. ದಿನಾ ಎಲ್ಲರಿಗಿಂತ ಮೊದಲು ಮಲಗುವವರು ಅವರು. ಇವತ್ತು ಮೊದಲು ನಿದ್ದೆ ಹೋದದ್ದು ಮಗಳು.