ಆರತಿ ತಟ್ಟೆಗೆ ಬಿದ್ದ ಹಲ್ಲು

ನಮ್ಮಕ್ಕನ ಮೇಲಿನ ಸಾಲಿನ ಮುಂದಿನ ಹಲ್ಲು ಮಾಡಿದವನು ನಾನು. ದೇವರು ಕೊಟ್ಟ ಹಲ್ಲನ್ನು ಅವಳು ಅಡಿಕೆ ಒಡೆಯಲು ಹೋಗಿ ಮುರಿದುಕೊಂಡಳು. ಅದು ದೇವರಿಗೂ ಅವಳಿಗೂ ಬಿಟ್ಟ ವಿಷಯ. ನಾನು ಮಾಡಿಕೊಟ್ಟ ಹಲ್ಲು ಬಿದ್ದದ್ದು ಮಾತ್ರ ನನ್ನ ವಿಷಯ. ಅದು ಯಾಕೆ ಬಿತ್ತು ಎಂದು ಅವಳಿಗೆ ಹೇಳಲು ನನಗೆ ಯುಗಾದಿಯಿಂದ ಶ್ರಾವಣ ಮುಗಿಯುವವರೆಗೆ ಬೇಕಾಯಿತು.

ನಾನು ಓದಿದ್ದು ಏಳನೇ ತರಗತಿವರೆಗೆ. ದಾವಣಗೆರೆಯ ವಿನೋಬನಗರದಲ್ಲಿ ಹಲ್ಲು ಮಾಡುವ ಸಣ್ಣದೊಂದು ಲ್ಯಾಬಿಗೆ ಪ್ಲಾಸ್ಟರ್ ಕಲಸುವ ಬಟ್ಟಲು ತೊಳೆಯಲು ಸೇರಿದವನು, ತೊಳೆಯುತ್ತ ತೊಳೆಯುತ್ತ ಕೆಲಸವನ್ನೇ ಕಲಿತೆ. ಡಾಕ್ಟರು ಹಲ್ಲು ಕೊರೆದು, ಅಳತೆ ತೆಗೆದು ನಮಗೆ ಕಳಿಸುತ್ತಾರೆ. ನಾವು ಅದರ ಮೇಲೆ ಕೂರುವ ಕ್ಯಾಪ್ ಮಾಡಿ ಕಳಿಸುತ್ತೇವೆ. ಹಾಕಿಸಿಕೊಂಡವರ ಮುಖ ನಮಗೆ ಗೊತ್ತಿರುವುದಿಲ್ಲ. ಬಸ್ಸಿನಲ್ಲಿ ಎದುರು ಕೂತವರು ಆಕಳಿಸಿದಾಗ ಒಮ್ಮೊಮ್ಮೆ 'ಇದು ನಮ್ಮದೇ' ಎಂದು ಗುರುತು ಸಿಗುತ್ತದೆ. ಮಾತಾಡಿಸುವಂತಿಲ್ಲ, ಸುಮ್ಮನೆ ಖುಷಿಪಟ್ಟು ಇಳಿದುಹೋಗಬೇಕು.

ಕ್ಯಾಪ್ ಅಂಟಿನಿಂದ ನಿಲ್ಲುತ್ತದೆ ಎಂದು ಜನ ತಿಳಿದಿದ್ದಾರೆ. ಅಂಟಿನ ಪಾತ್ರ ಸ್ವಲ್ಪವೇ. ಮನೆಯಲ್ಲಿ ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ನೀವು ನೋಡಿರುತ್ತೀರಿ. ಗೋಡೆ ನೆಟ್ಟಗಿರುವ ಲೋಟಗಳು ಸಿಕ್ಕಿಕೊಂಡರೆ ಮನೆಮಂದಿಯೆಲ್ಲ ಎಳೆದಾಡಬೇಕು. ಬಾಯಿ ಅಗಲ, ತಳ ಸಣ್ಣ ಇರುವ ಲೋಟಗಳು ಮುಟ್ಟಿದರೆ ಸಾಕು, ಬಿಟ್ಟುಕೊಳ್ಳುತ್ತವೆ. ಹಲ್ಲಿನದೂ ಹಾಗೆಯೇ. ಕೊರೆದ ಹಲ್ಲಿನ ಗೋಡೆ ಆದಷ್ಟು ನೆಟ್ಟಗಿರಬೇಕು, ಕ್ಯಾಪಿನ ಒಳಗೋಡೆ ಅದನ್ನು ತಬ್ಬಿಕೊಳ್ಳಬೇಕು. ನಡುವೆ ಅಂಟಿಗೆಂದು ಕೂದಲೆಳೆಗಿಂತ ಕಡಿಮೆ ಜಾಗ ಬಿಡಬೇಕು. ಆ ಜಾಗ ಬಿಡಲು ನಾವು ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಹಲ್ಲಿಗೆ ಒಂದು ಬಣ್ಣ ಬಳಿಯುತ್ತೇವೆ. ಬಣ್ಣದ ಮೇಲೆ ಮೇಣದಲ್ಲಿ ಹಲ್ಲು ತಿದ್ದುತ್ತೇವೆ, ಮೇಣದ ಜಾಗಕ್ಕೆ ಲೋಹ ಬರುತ್ತದೆ, ಲೋಹದ ಮೇಲೆ ಪಿಂಗಾಣಿ. ದೊಡ್ಡ ಲ್ಯಾಬುಗಳಲ್ಲಿ ಈಗ ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ. ನಮ್ಮಲ್ಲಿ ಕಂಪ್ಯೂಟರ್ ಇರುವುದು ಓನರ್ ಮನೆಯ ಮಕ್ಕಳ ಹತ್ತಿರ.

ಆ ಬಣ್ಣಕ್ಕೆಂದೇ ಬೇರೆ ಸೀಸೆ ಬರುತ್ತದೆ. ಅದು ಖಾಲಿಯಾದ ದಿನ ನೇಲ್ ಪಾಲಿಶ್ ಬಳಿದು ಕೆಲಸ ಸಾಗಿಸುವುದೂ ಉಂಟು. ತೆಳ್ಳಗೆ ಬಳಿದರೆ ತೊಂದರೆಯಿಲ್ಲ.

ಅಕ್ಕನ ಅಳತೆ ಬಂದ ದಿನ ಸೀಸೆ ಖಾಲಿಯಿತ್ತು. ಅಕ್ಕ ಮತ್ತು ಅವಳ ಮಗಳು ಹರಿಹರದಿಂದ ಬಂದು, ಡಾಕ್ಟರ ಹತ್ತಿರ ಹಲ್ಲು ಕೊರೆಸಿಕೊಂಡು, ಹಾಗೇ ನಮ್ಮ ಲ್ಯಾಬಿಗೆ ಬಂದು ಕೂತಿದ್ದರು. ಅಕ್ಕನ ತುಟಿ ಇನ್ನೂ ಮರಗಟ್ಟಿತ್ತು. ಕುಡಿದ ಚಹಾದಲ್ಲಿ ಅರ್ಧ ಸೀರೆಯ ಮೇಲೆ ಇಳಿಯುತ್ತಿತ್ತು. ಸೊಸೆಯ, ಅಂದರೆ ಅಕ್ಕನ ಮಗಳ, ಚೀಲದಲ್ಲಿ ನೇಲ್ ಪಾಲಿಶ್ ಇತ್ತು, ರೋಜಾ ಬಣ್ಣದ್ದು, ಒಳಗೆಲ್ಲ ಮಿಂಚು.

"ಮಾಮಾ, ಅದು ನನ್ನ ಎಂಗೇಜ್‌ಮೆಂಟಿಗೆ ಅಂತ ತಗಂಡಿದ್ದು. ಖಾಲಿ ಮಾಡಬ್ಯಾಡ."

"ನಿಮ್ಮವ್ವನ ಒಂದು ಹಲ್ಲಿಗೆ ಎಷ್ಟು ಬೇಕಾಗುತ್ತೆ ಬಿಡವ್ವ."

ನನ್ನ ಕ್ಯಾಪುಗಳ ಮೇಲೆ ಡಾಕ್ಟರ ಮಾಮೂಲಿ ದೂರು ಒಂದೇ: "ಬಿಗಿ ಆಗೈತೆ, ಇಳೀತಿಲ್ಲ." ಆಗ ಅವರು ಒತ್ತುತ್ತಾರೆ, ತೆಗೆಯುತ್ತಾರೆ, ಉಜ್ಜುತ್ತಾರೆ. ಕುರ್ಚಿಯಲ್ಲಿ ಕೂತವರ ಗತಿ ಕೇಳಬೇಡಿ. ನನ್ನ ಹಾಲುಹಲ್ಲು ಬಿದ್ದಾಗ ಸಗಣಿ ಉಂಡೆಯಲ್ಲಿ ಇಟ್ಟು ಮಾಳಿಗೆ ಮೇಲೆ ಎಸೆದವಳು ಈ ಅಕ್ಕ. ಅವಳಿಗೆ ಆ ನೋವು ಬೇಡ ಅನ್ನಿಸಿತು. ರೂಢಿಯಂತೆ ಎರಡು ಸಲ ಬಳಿದೆ. ಅಕ್ಕನಿಗೆ ನೋಯಬಾರದೆಂದು ಇನ್ನೊಂದು ಸಲ ಬಳಿದೆ. ಮಿಂಚು ಚೆನ್ನಾಗಿ ಕಾಣುತ್ತಿದೆಯೆಂದು ಮತ್ತೊಂದು ಸಲ.

ಕ್ಯಾಪ್ ಎಣ್ಣೆ ಹಚ್ಚಿದ ಕೈಗೆ ಬಳೆ ಏರಿದಂತೆ ಏರಿತಂತೆ. ಡಾಕ್ಟರೇ ಫೋನ್ ಮಾಡಿ, "ಇದೊಂದು ಚೆನ್ನಾಗಿ ಕೂತ್ಕೊಂತು ನೋಡಪ್ಪ" ಎಂದರು. ಅವರ ಬಾಯಿಂದ ಅಂಥ ಮಾತು ಕೇಳಿದ್ದು ನಾನು ಅದೇ ಮೊದಲು. ಸಂಜೆ ಮೂಲೆಯ ಬಜ್ಜಿ ಗಾಡಿಯಲ್ಲಿ ಎರಡು ಮಿರ್ಚಿ ಹೆಚ್ಚಿಗೆ ತಿಂದೆ.

ಈಗ ಒಡಪಿನ ವಿಷಯ ಹೇಳಬೇಕು. ನಮ್ಮ ಮನೆಗಳಲ್ಲಿ ಆರತಿ ಹಿಡಿದ ಹೆಂಗಸು ಗಂಡನ ಹೆಸರನ್ನು ಒಡಪು ಕಟ್ಟಿ ಹೇಳದೆ ತಟ್ಟೆ ಕೆಳಗಿಡುವಂತಿಲ್ಲ. ಬೇರೆಯವರು ಕಲಿತ ಒಂದನ್ನೇ ಜೀವಮಾನವಿಡೀ ಹೇಳುತ್ತಾರೆ. ನಮ್ಮಕ್ಕ ನಿಂತಲ್ಲೇ ಹೊಸದು ಕಟ್ಟುತ್ತಾಳೆ. ಹರಿಹರದಲ್ಲಿ ಅವಳ ಒಡಪು ಕೇಳಲೆಂದೇ ಮದುವೆಗೆ ಕರೆಯುವವರಿದ್ದಾರೆ. ಹಲ್ಲು ಮುರಿದ ಮೇಲೆ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ಹಿಂದಿನ ಸಾಲಿನಲ್ಲಿ ಕೂತುಬಿಟ್ಟಿದ್ದಳು. ಅಕ್ಕನಿಗೆ ಬೀಗರಾಗುವವರು ಹದಡಿ ಊರಿನವರು. ಆ ಬೀಗಿತ್ತಿಯೂ ಒಡಪಿನಲ್ಲಿ ಗಟ್ಟಿ ಎಂದು ಸುದ್ದಿಯಿತ್ತು. ಅದಕ್ಕೇ ನಿಶ್ಚಿತಾರ್ಥಕ್ಕೆ ಮೊದಲು ಹಲ್ಲಾಗಲೇಬೇಕು ಎಂದು ಅಕ್ಕ ಹಟ ಹಿಡಿದದ್ದು.

ನಿಶ್ಚಿತಾರ್ಥ ಯುಗಾದಿ ಹೊತ್ತಿಗೆ, ಹರಿಹರದಲ್ಲಿ, ಅಕ್ಕನ ಮನೆಯಲ್ಲೇ. ಬೀಗಿತ್ತಿ ಮೊದಲು ಹೇಳಿ ಚಪ್ಪಾಳೆ ತೆಗೆದುಕೊಂಡರು. ಆಮೇಲೆ ಅಕ್ಕ ಆರತಿ ತಟ್ಟೆ ಹಿಡಿದು, ಗಂಟಲು ಸರಿ ಮಾಡಿಕೊಂಡು, ಹೊಸ ಹಲ್ಲು ಎಲ್ಲರಿಗೂ ಕಾಣುವಂತೆ ಒಮ್ಮೆ ನಕ್ಕು, ಶುರು ಮಾಡಿದಳು:

"ತುಂಗಭದ್ರೆ ಹೊಳೆಗೆ ಎರಡು ದಡ,
ಮಿರ್ಚಿ ಇಲ್ಲದ ಮಂಡಕ್ಕಿ ಬ್ಯಾಡ,
ಸಿಟ್ಟು ಬಂದ್ರೆ ಉಣ್ಣೋದು ತಡ,
ಸಿಟ್ಟಿಳಿದ ಮ್ಯಾಲೆ ಎರಡು ರೊಟ್ಟಿ ಜಾಸ್ತಿ ಉಣ್ಣೋ ನಮ್ಮ..."

ಭಾವನ ಹೆಸರು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಸಕಾರ ಎರಡು ಸಲ ಬರುತ್ತದೆ ಎಂದರೆ ಸಾಕು. ಮೊದಲನೆಯದಕ್ಕೆ ಹಲ್ಲು ಅಲುಗಿತು. ಎರಡನೆಯದಕ್ಕೆ ಬಾಯಿಂದ ಹಾರಿ, ಆರತಿ ತಟ್ಟೆಯ ಕೆಂಪು ನೀರಿನಲ್ಲಿ ಪುಳಕ್ಕೆಂದು ಬಿತ್ತು.

ಬೀಗಿತ್ತಿ ತಟ್ಟೆಯೊಳಗೆ ಬಗ್ಗಿ ನೋಡಿ, ನಿಧಾನವಾಗಿ ಹೇಳಿದರು: "ಬೀಗ್ರೇ, ನಾವು ಹೆಸರು ಹೇಳ್ರಿ ಅಂದ್ವಿ. ಹಲ್ಲು ಕೊಡ್ರಿ ಅನ್ಲಿಲ್ಲ."

ಆಮೇಲೆ ನಗು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ಮದುಮಗನೂ ನಕ್ಕ. ಅಕ್ಕ ಮಾತ್ರ ಕೆಂಪು ನೀರಿನಲ್ಲಿ ಬೆರಳಾಡಿಸಿ ಹಲ್ಲು ಹುಡುಕುತ್ತಿದ್ದಳು. ಸಿಕ್ಕಾಗ ಅದು ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಪೈಪ್ ಮತ್ತು ನಲ್ಲಿ ಸಾಮಾನಿನ ಅಂಗಡಿ ಇಟ್ಟಿರುವ ನಮ್ಮ ಭಾವ ಸಹಾಯಕ್ಕೆ ಬಂದರು. "ಅಂಗಡೀಲಿ ಪೈಪ್ ಅಂಟಿಸೋ ಗಮ್ ಐತೆ, ತರ್ಸಲೇನು?"

"ಸುಮ್ನಿರ್ರಿ" ಎಂದಳು ಅಕ್ಕ. ನನ್ನ ಕಡೆ ತಿರುಗಿ ಕೇಳಿದಳು: "ತಮ್ಮಾ, ಇದು ಯಾಕ ಬಿತ್ತು?"

ಎಲ್ಲರೂ ನನ್ನನ್ನೇ ನೋಡಿದರು. ಹಲ್ಲು ಮಾಡುವವನು ಎಂದು ಬೀಗರಿಗೆ ನನ್ನನ್ನು ಅರ್ಧ ಗಂಟೆ ಮುಂಚೆ ಹೆಮ್ಮೆಯಿಂದ ಪರಿಚಯ ಮಾಡಿಕೊಟ್ಟಿದ್ದರು. ಕ್ಯಾಪ್ ಎತ್ತಿ ಒಳಗೆ ನೋಡಿದೆ. ನೋಡಿದ ತಕ್ಷಣ ಗೊತ್ತಾಯಿತು. ಒಳಗೆ ಅಂಟು ದಪ್ಪಗೆ ಕೂತಿತ್ತು, ದೋಸೆಯಷ್ಟು ದಪ್ಪ; ನಾಲ್ಕು ಸಲ ಬಳಿದ ಬಣ್ಣ ಬಿಟ್ಟ ಜಾಗ ಅಷ್ಟೂ.

"ಅಡಿಕೆ" ಎಂದೆ. "ಅಡಿಕೆ ತಿಂದ್ರೆ ಯಾವ ಹಲ್ಲು ನಿಲ್ಲುತ್ತಕ್ಕ."

ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. "ಬೆಳಗ್ಗೆ ಎರಡು ಹೋಳು ಹಾಕ್ಕಂಡಿದ್ದೆ" ಎಂದು ತಪ್ಪು ಒಪ್ಪಿಕೊಂಡಳು. ನನ್ನ ತಪ್ಪನ್ನು ಅವಳು ಅಷ್ಟು ಸುಲಭವಾಗಿ ತನ್ನದೆಂದು ತೆಗೆದುಕೊಂಡದ್ದೇ ನನ್ನನ್ನು ಆಮೇಲೆ ತಿಂದುಹಾಕಿದ್ದು. ಆ ಹೊತ್ತಿಗೆ ಮಾತ್ರ, ಪಾರಾದೆ ಎಂದುಕೊಂಡು ಹೋಳಿಗೆ ಊಟಕ್ಕೆ ಕೂತೆ.

ಅವತ್ತಿನಿಂದ ಅಕ್ಕ ಎಲೆಅಡಿಕೆ ಬಿಟ್ಟಳು. ಮಗಳ ಮದುವೆಯಲ್ಲಿ ಒಡಪು ಹೇಳಿ ಹೋದ ಮಾನ ತರಬೇಕು, ಅಲ್ಲಿವರೆಗೆ ಅಡಿಕೆ ಮುಟ್ಟುವುದಿಲ್ಲ ಎಂದು ಮನೆದೇವರ ಮುಂದೆ ಹೇಳಿಕೊಂಡಳಂತೆ. ಬಾಯಿ ಸುಮ್ಮನಿರದ್ದಕ್ಕೆ ಸೋಂಪು ಕಾಳು ಅಗಿಯತೊಡಗಿದಳು. ಸೋಂಪು ಅವಳ ಸಿಟ್ಟಿಗೆ ಸಾಲದಾಯಿತು. ಭಾವ ವಾರಕ್ಕೊಮ್ಮೆ ಅಂಗಡಿಯಿಂದ ಫೋನ್ ಮಾಡುತ್ತಿದ್ದರು.

"ಏನಪ್ಪಾ, ನಿಮ್ಮಕ್ಕಂಗೆ ಅಡಿಕೆ ಬಿಡಿಸಿದ್ಯಲ್ಲ, ಈಗ ನನ್ನ ತಿಂತಾಳೆ."

"ಸ್ವಲ್ಪ ದಿನ ತಡ್ಕಳ್ರಿ ಭಾವ."

"ಒಂದು ಮಾತು ಕೇಳ್ತೀನಿ. ಪೈಪಿನ ಬಾಯಿಗೆ ಥ್ರೆಡ್ ಹಾಕ್ದೆ ಬರೇ ಗಮ್ ಹಚ್ಚಿದ್ರೆ ನಿಲ್ಲಲ್ಲ. ನೀವು ಹಲ್ಲಿಗೆ ಥ್ರೆಡ್ ಯಾಕ ಹಾಕಲ್ಲ?"

ಮನುಷ್ಯರ ಹಲ್ಲು ತಿರುಪಿ ಕೂರಿಸುವಂಥದ್ದಲ್ಲ ಎಂದು ವಿವರಿಸಿದೆ. ಆದರೂ ಆ ಮಾತು ತಲೆಯಲ್ಲಿ ಉಳಿಯಿತು.

ಅಷ್ಟರಲ್ಲಿ ನಮ್ಮ ಓನರ್ ಕೈಗೆ ಅಕ್ಕನ ಪ್ಲಾಸ್ಟರ್ ಹಲ್ಲು ಸಿಕ್ಕಿತು. ಓನರನ್ನು ನಾವೆಲ್ಲ ಭಾಯ್ ಎನ್ನುತ್ತೇವೆ, ವಯಸ್ಸಾದವರು. ಬಿಳಿ ಹಲ್ಲುಗಳ ಸಾಲಿನಲ್ಲಿ ಒಂದು ಮಾತ್ರ ರೋಜಾ ಬಣ್ಣದಲ್ಲಿ ಮಿನುಗುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು ಕೇಳಿದರು.

"ಇದೇನೋ, ಇದ್ರದ್ದೂ ಶಾದಿ ಐತೇನು?"

ಹೇಳಿದೆ. ಉಗುರಿನಿಂದ ಕೆರೆದು ನೋಡಿದರು. ಬಣ್ಣ ಸಿಪ್ಪೆಯಂತೆ ಎದ್ದು ಬಂತು.

"ಇದು ಕ್ಯಾಪ್ ಅಲ್ಲಪ್ಪ, ಟೋಪಿ. ಗಾಳಿ ಬಂದ್ರೆ ಹಾರುತ್ತೆ. ಊರಿಗೆಲ್ಲ ಬಿಟ್ಟು ಸ್ವಂತ ಅಕ್ಕಂಗೇ ಟೋಪಿ ಹಾಕಿದ್ಯಲ್ಲೋ."

ಡಾಕ್ಟರಿಗೆ ನಿಜ ಹೇಳಿಬರಲು ಭಾಯ್ ನನ್ನನ್ನು ಅವತ್ತೇ ಅಟ್ಟಿದರು. ಡಾಕ್ಟರು ಬೈಯಲಿಲ್ಲ, ನಕ್ಕರು. ಅಕ್ಕನ ಹಲ್ಲು ಮೊದಲೇ ಗಿಡ್ಡ, ತಬ್ಬಿಕೊಳ್ಳಲು ಗೋಡೆ ಸಾಲದು, ಸಡಿಲ ಕ್ಯಾಪ್ ಅದರ ಮೇಲೆ ಹೇಗೆ ನಿಂತೀತು ಎಂದರು. ನಾನು ಭಾವನ ಥ್ರೆಡ್ಡಿನ ಮಾತು ಹೇಳಿದೆ. "ಥ್ರೆಡ್ ಇಲ್ಲ, ಆದ್ರೆ ಪಕ್ಕದಲ್ಲಿ ಉದ್ದಕ್ಕೆ ಸಣ್ಣ ಕಾಲುವೆ ಹಾಕ್ತೀವಲ್ಲ, ಕ್ಯಾಪ್ ಅದ್ರಲ್ಲಿ ಇಳಿದು ಸಿಕ್ಕೊಳ್ಳುತ್ತೆ. ಈ ಸಲ ಹಾಕೋಣ" ಎಂದರು. ಅಕ್ಕನನ್ನು ಮತ್ತೆ ಕರೆಸಿ, ಹಲ್ಲಿನ ಎರಡೂ ಪಕ್ಕ ಸಣ್ಣ ಕಾಲುವೆ ಕೊರೆದು, ಹೊಸ ಅಳತೆ ಕಳಿಸಿದರು.

ಈ ಸಲ ಸರಿಯಾದ ಬಣ್ಣದ ಸೀಸೆಯನ್ನೇ ತಂದೆ. ತೆಳ್ಳಗೆ ಬಳಿದೆ. ಅಂಚಿನ ಹತ್ತಿರ ಬಳಿಯಲೇ ಇಲ್ಲ, ಅಂಚು ಹಲ್ಲನ್ನು ಮುಟ್ಟಿಕೊಂಡೇ ಇರಬೇಕು. ಆ ಕಾಲುವೆಯೊಳಗೆ ಮೇಣ ಇಳಿಯಿತೇ ಎಂದು ಭೂತಗನ್ನಡಿ ಇಟ್ಟು ನೋಡಿದೆ. ಕ್ಯಾಪ್ ತಯಾರಾದ ಮೇಲೆ ಪ್ಲಾಸ್ಟರ್ ಹಲ್ಲಿನ ಮೇಲೆ ಕೂರಿಸಿ, ಮಾಡೆಲನ್ನು ತಲೆಕೆಳಗು ಹಿಡಿದು ಕುಲುಕಿದೆ. ಬೀಳಲಿಲ್ಲ. ಭಾಯ್ ತಾವೂ ಒಮ್ಮೆ ಕುಲುಕಿದರು.

"ನೀನು ಡಾಕ್ಟ್ರಿಗೆ ಹೇಳ್ದೆ. ಅಕ್ಕಂಗೆ?"

"ಮದುವೆ ಆಗ್ಲಿ, ಹೇಳ್ತೀನಿ."

"ಇವನ ಬಾಯಿಗೂ ಯಾರೋ ಕ್ಯಾಪ್ ಹಾಕ್ಯಾರೆ" ಎಂದು ಗೊಣಗುತ್ತ ಒಳಗೆ ಹೋದರು.

ಮದುವೆ ಶ್ರಾವಣದಲ್ಲಾಯಿತು. ಅಕ್ಕ ತಟ್ಟೆ ಹಿಡಿದು ನಿಂತಾಗ ಮುಂದಿನ ಸಾಲಿನ ಹೆಂಗಸರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಅವಳು ಮೊದಲಿನ ಒಡಪನ್ನೇ ಮತ್ತೆ ಹೇಳಿದಳು. ನಾನು ಸಕಾರ ಎಣಿಸುತ್ತ ನಿಂತೆ. ಮೊದಲ ಸಕಾರ ಹೋಯಿತು. ಎರಡನೆಯದೂ ಹೋಯಿತು. ಭಾವನ ಹೆಸರು ಇಡಿಯಾಗಿ, ಗಟ್ಟಿಯಾಗಿ ಮಂಟಪದಲ್ಲಿ ಕೇಳಿತು. ಬೀಗಿತ್ತಿ ತಟ್ಟೆಯೊಳಗೆ ಬಗ್ಗಿ ನೋಡಿ, "ಈ ಸಲ ಏನೂ ಕೊಡ್ಲಿಲ್ಲವಲ್ಲ ಬೀಗ್ರು" ಎಂದು, ಎದ್ದು ಬಂದು ಅಕ್ಕನ ಕೈ ಹಿಡಿದುಕೊಂಡರು.

ಅಲ್ಲಿಗೆ ಮುಗಿದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಆದರೆ ಹಲ್ಲು ನಿಂತದ್ದು ಅಡಿಕೆ ಬಿಟ್ಟದ್ದರಿಂದ ಎಂದು ಅಕ್ಕ ನಂಬಿದಳು. ಮಾನ ಬಂದ ಮೇಲೂ ಅಡಿಕೆ ಮುಟ್ಟಲಿಲ್ಲ. ಸಿಕ್ಕ ಹೆಂಗಸರಿಗೆಲ್ಲ ಬಾಯಿ ತೆರೆದು ತೋರಿಸಿ ಬುದ್ಧಿ ಹೇಳತೊಡಗಿದಳು. ಅವಳ ಮಾತು ಕೇಳಿ ಓಣಿಯ ಅಜ್ಜಿಯೊಬ್ಬಳು ಎಲೆಚೀಲ ಬಚ್ಚಿಟ್ಟು ಮಂಕಾಗಿ ಕೂತಿದ್ದಾಳೆ ಎಂದು ಭಾವ ಫೋನಿನಲ್ಲಿ ಹೇಳಿದರು. ಆ ಅಜ್ಜಿಗೆ ಹಲ್ಲೇ ಇರಲಿಲ್ಲ.

ಮುಂದಿನ ಭಾನುವಾರ ಹರಿಹರಕ್ಕೆ ಹೋದೆ. ಊಟವಾಗಿತ್ತು. ಅಕ್ಕ ಸೋಂಪಿನ ಡಬ್ಬಿ ತೆಗೆದಳು.

"ಅಕ್ಕಾ, ಅಡಿಕೆ ಹಾಕ್ಕ. ಹಲ್ಲು ಬಿದ್ದಿದ್ದು ಅಡಿಕೆಯಿಂದ ಅಲ್ಲ."

"ಮತ್ತೆ?"

ನೇಲ್ ಪಾಲಿಶಿನಿಂದ ಹಿಡಿದು ಎಲ್ಲ ಹೇಳಿದೆ. ಅವಳು ಬಾಯಲ್ಲಿದ್ದ ಸೋಂಪನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

"ಅಂದ್ರೆ ಯುಗಾದಿಯಿಂದ ನಾನು ದನ ಮೇವು ತಿಂದಂಗೆ ಇದನ್ನ ತಿಂತಿರೋದು ನಿನ್ನ ಉಗುರುಬಣ್ಣಕ್ಕೆ?"

ಮಂಚದ ಮೇಲೆ ಮಲಗಿದ್ದ ಭಾವ ಎದ್ದು ಕೂತರು. "ನಾನು ಬೈಸ್ಕಂಡಿದ್ದೂ ಅದಕ್ಕೆನಾ?"

"ಅವತ್ತೇ ಯಾಕ ಹೇಳ್ಲಿಲ್ಲ?" ಎಂದಳು ಅಕ್ಕ.

"ಬೀಗರ ಮುಂದೆ ಹೆಂಗೆ ಹೇಳ್ಲಿ ಅಕ್ಕ. ನಾಚ್ಕೆ ಆತು."

"ನಂಗೆ ಆಗ್ಲಿಲ್ವಾ? ತಟ್ಟೇಲಿ ಕೈ ಹಾಕಿ ಹುಡುಕಿದ್ದು ನೀನಾ ನಾನಾ?"

ಅಕ್ಕ ಎದ್ದುಹೋಗಿ ಎಲೆಅಡಿಕೆ ತಟ್ಟೆ ತಂದಳು. ಅಡಕತ್ತರಿಯಲ್ಲಿ ಅಡಿಕೆಯನ್ನು ಸಣ್ಣಗೆ ಕತ್ತರಿಸಿ, ಎಲೆಗೆ ಸುಣ್ಣ ಹಚ್ಚಿ, ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಭಾವ ದೇವರ ಫೋಟೋ ಕಡೆ ತಿರುಗಿ ಕೈ ಮುಗಿದರು. ಎಲೆ ಅಗಿದು ಮುಗಿದ ಮೇಲೆ ಅಕ್ಕನ ತೀರ್ಪು ಬಂತು.

"ನಾನು ಅಡಿಕೆ ಬಿಟ್ಟಷ್ಟು ದಿನ ನೀನು ಮಿರ್ಚಿ ಬಿಡು."

ದಾವಣಗೆರೆಯಲ್ಲಿ ಇರುವವನಿಗೆ ಇದು ಎಂಥ ಶಿಕ್ಷೆ ಎಂದು ಬೇರೆ ಊರಿನವರಿಗೆ ಹೇಳಿ ತಿಳಿಸಲಾರೆ. ಲ್ಯಾಬಿನ ಕಿಟಕಿಗೆ ನೇರವಾಗಿ ಮಿರ್ಚಿ ಗಾಡಿ ಇದೆ. ಸಂಜೆ ಎಣ್ಣೆ ಕಾದ ಕೂಡಲೇ ನನ್ನ ಕೈಯಲ್ಲಿರುವ ಮೇಣದ ಹಲ್ಲು ಎರಡಾಗಿ ಕಾಣುತ್ತದೆ. ಬರೀ ಮಂಡಕ್ಕಿ ತಿನ್ನುತ್ತಿದ್ದೇನೆ. ಗಾಡಿಯವನು ನನಗೆ ಹುಷಾರಿಲ್ಲ ಎಂದು ತಿಳಿದಿದ್ದಾನೆ.

ಮೊನ್ನೆ ಅಕ್ಕ ದಾವಣಗೆರೆಗೆ ಬಂದವಳು ಲ್ಯಾಬಿಗೂ ಬಂದಳು. ಬರುವಾಗ ಗಾಡಿಯಿಂದ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದು, ಭಾಯ್‌ಗೆ ಎರಡು ಕೊಟ್ಟು, ನನ್ನ ಎದುರು ಸ್ಟೂಲಿನ ಮೇಲೆ ಕೂತಳು. ಒಂದನ್ನು ತೊಟ್ಟು ಹಿಡಿದು ಎತ್ತಿ, ನನ್ನನ್ನೇ ನೋಡುತ್ತ, ದವಡೆಯಲ್ಲಿ ಅಲ್ಲ, ಮುಂದಿನ ಹಲ್ಲಿನಲ್ಲೇ ಕಚ್ಚಿ ಎಳೆದಳು. ಮೆಣಸಿನಕಾಯಿ ನಾರು ಸಮೇತ ಕತ್ತರಿಸಿ ಬಂತು.

"ನೋಡ್ಕ" ಎಂದಳು.

ನನ್ನ ಕಣ್ಣು ಮಿರ್ಚಿಯ ಮೇಲಿರಲಿಲ್ಲ. ಸ್ವಲ್ಪ ಈ ಕಡೆ ತಿರುಗು ಅಕ್ಕ, ಬೆಳಕಿಗೆ, ಎಂದೆ. ಅಂಚು ಒಸಡಿಗೆ ಕೂದಲಷ್ಟೂ ಸಂದಿಲ್ಲದೆ ಕೂತಿತ್ತು. ಅವಳು ಬೈಯುತ್ತಲೇ ಬಾಯಿ ತೆರೆದುಕೊಂಡು ಕೂತಳು, ನಾನು ನೋಡಿ ಮುಗಿಸುವವರೆಗೆ.