ಕುಂಕುಮ ಒಲ್ಲದ ಬಿಲ್ಲೆ

ಏಳನೇ ಕ್ಲಾಸಿಗೇ ನಾನು ಸ್ಕೂಲಿಗೆ ಕೈಮುಗಿದವನು. ಆದರೇನು, ಮದ್ದೂರಿನ ಅಕ್ಕಿ ಮಿಲ್ಲಿನ ಬಾಯ್ಲರು ಇವತ್ತಿಗೂ ನನ್ನ ಮಾತನ್ನಲ್ಲದೆ ಬೇರೆಯವರ ಮಾತು ಕೇಳುವುದಿಲ್ಲ. ಭತ್ತದ ಹೊಟ್ಟು ಉರಿಸಿ ಹಬೆ ಎಬ್ಬಿಸುತ್ತೇನೆ. ಉಳಿಯುವ ಬೂದಿಯನ್ನು ಯಾರೂ ಕೇಳುತ್ತಿರಲಿಲ್ಲ. ಮಂಡ್ಯದ ಕಾಲೇಜಿನಲ್ಲಿ ಸಂಶೋಧನೆ ಮಾಡುವ ನನ್ನ ಮಗಳು ಒಂದು ದಿನ ಬಂದು ಮೂಟೆ ಕಟ್ಟಿಸಿಕೊಂಡು ಹೋದಳು. ಅದರೊಳಗಿನ ಸಿಲಿಕಾ ತೆಗೆದು ಏರೋಜೆಲ್ ಎಂಬ, ಮೈಯೆಲ್ಲ ಸಣ್ಣ ತೂತಿನ ಹಗುರ ವಸ್ತುವನ್ನು ಮಾಡುತ್ತಾಳಂತೆ. ಓದಿದವರಿಗೂ ಕೊನೆಗೆ ನನ್ನ ಬೂದಿಯೇ ಗತಿ ಎಂದು ಮಿಲ್ಲಿನ ತುಂಬ ಸಾರಿಕೊಂಡು ಬಂದೆ.

ಕೆಲವು ತಿಂಗಳಾದ ಮೇಲೆ, ಬೆಂಗಳೂರಿನ ಯಾವುದೋ ಯಂತ್ರದಲ್ಲಿ ಒಣಗಿಸಿಕೊಂಡು, ಡಬ್ಬಿಯಲ್ಲಿ ಎರಡು ಬಿಲ್ಲೆ ಇಟ್ಟುಕೊಂಡು ಮನೆಗೆ ಬಂದಳು. ನಿಪ್ಪಟ್ಟಿನಷ್ಟು ಅಗಲ, ತೂಕವೇ ಇಲ್ಲ. ನೀಲಿ ಹೊಗೆಯನ್ನು ಹಿಡಿದು ಗಟ್ಟಿ ಮಾಡಿದ ಹಾಗಿತ್ತು. ಮಾರನೆಯ ಬೆಳಿಗ್ಗೆ ಮಂಡ್ಯದಲ್ಲಿ ಪರೀಕ್ಷಕರ ಮುಂದೆ ತೋರಿಸಬೇಕಿತ್ತು.

"ಒಂದಕ್ಕೆ ನೀರು ಅಂಟ್ದಂಗೆ ಔಷಧಿ ಕುಡ್ಸಿವ್ನಿ, ಇನ್ನೊಂದಕ್ಕಿಲ್ಲ ಕಣಪ್ಪ. ಔಷಧಿ ಇಲ್ದೇ ಇರೋದ್ರೊಳಕ್ಕೆ ನೀರು ಹೋದ್ರೆ ತೂತೆಲ್ಲಾ ಕುಸ್ದು ಚೂರಾಯ್ತದೆ. ಎರಡೂ ಪಕ್ಕದಲ್ಲಿದ್ರೇನೇ ನನ್ ಕೆಲ್ಸಕ್ಕೆ ಬೆಲೆ. ಯಾರೂ ಮುಟ್ಬೇಡಿ."

ಯಾರೂ ಎಂದರೆ ನಮ್ಮವ್ವನನ್ನು ಬಿಟ್ಟು ಯಾರೂ. ಮನೆಗೆ ಬಂದ ಹೊಸ ವಸ್ತುವಿಗೆ ಕುಂಕುಮ ಇಡದೆ ಬಿಡುವ ಹೆಂಗಸಲ್ಲ ಅವಳು. ಮಿಕ್ಸಿಗೆ ಇಟ್ಟಿದ್ದಾಳೆ, ಗ್ಯಾಸ್ ಸಿಲಿಂಡರಿಗೆ ಇಡುತ್ತಾಳೆ, ಹೊಸ ಕಮೋಡನ್ನೂ ಬಿಟ್ಟಿರಲಿಲ್ಲ.

ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋಗಿದ್ದೇ ತಡ, ಅವ್ವ ಡಬ್ಬಿ ತೆರೆದು ನೀರಲ್ಲಿ ಕಲಸಿದ ಕುಂಕುಮವನ್ನು ಒಂದಕ್ಕೆ ಇಟ್ಟಳು. ಬೊಟ್ಟು ಒಳಗಿಳಿಯಿತು, ಬಿಲ್ಲೆ ಸೀಳಿ ಚೂರಾಯಿತು. ಇನ್ನೊಂದಕ್ಕಾದರೂ ಇಡೋಣವೆಂದು ಇಟ್ಟರೆ, ಕುಂಕುಮದ ನೀರು ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿ ನೆಲಕ್ಕೆ ಬಿತ್ತು.

"ಏನ್ಲಾ ಇದು! ಒಂದು ಕುಂಕ್ಮ ಇಟ್ರೆ ಸಾಯ್ತದೆ, ಇನ್ನೊಂದು ಕುಂಕ್ಮನೇ ಬ್ಯಾಡ ಅಂತದೆ. ಎಂತಾ ದರಿದ್ರ ತಂದವಳೆ ನಿನ್ ಮಗ್ಳು?"

ಮಗಳು ಒದ್ದೆ ತಲೆಯಲ್ಲೇ ಓಡಿ ಬಂದು ಕುಸಿದು ಕೂತಳು. "ಇನ್ನೊಂದು ಮಾಡೋಕೆ ಆ ಯಂತ್ರದ ಸರದಿ ಯಾವಾಗ ಬತ್ತದೋ ಅಪ್ಪಾ!"

"ಬೂದಿ ಬೇಕಾದಷ್ಟದೆ ಕಣವ್ವ," ಎಂದೆ. ಅವಳು ನೋಡಿದ ನೋಟಕ್ಕೆ ನನ್ನ ಬಾಯ್ಲರೂ ಆರಿಹೋಗುತ್ತಿತ್ತು.

ಅಳುತ್ತಿದ್ದವಳು ತಟ್ಟನೆ ನಿಲ್ಲಿಸಿ, "ಅಜ್ಜಿ, ಎರಡಕ್ಕೂ ಒಂದೇ ಬಟ್ಲ ನೀರಾ?" ಎಂದಳು.

"ಮತ್ತೆ? ಒಂದೊಂದಕ್ಕೂ ಬ್ಯಾರೆ ಬ್ಯಾರೆ ಕಾವೇರಿ ತರ್ಬೇಕಿತ್ತಾ?"

"ಒಂದೇ ನೀರು, ಒಂದು ಚೂರಾಯ್ತು, ಒಂದು ಉಳೀತು. ಇದ್ನೇ ತೋರಿಸ್ತೀನಿ," ಎಂದು ಮಗಳು ಕೆಂಪು ಚೂರುಗಳನ್ನೆಲ್ಲ ಆರಿಸಿ ಉಳಿದ ಬಿಲ್ಲೆಯ ಜೊತೆ ಡಬ್ಬಿಗೆ ತುಂಬಿದಳು. ನಾನೂ ಜೊತೆಗೆ ಹೊರಟು, ರೈಲಿನಲ್ಲಿ ಹನಕೆರೆ ದಾಟಿ ಮಂಡ್ಯ ಬರುವವರೆಗೂ ಡಬ್ಬಿಯನ್ನು ಕೂಸಿನಂತೆ ಎದೆಗವಚಿ ನಿಂತಿದ್ದೆ. ಕಾಲೇಜಿನಲ್ಲಿ ತೆರೆದ ಬಾಗಿಲ ಹೊರಗೆ ಕೂತೆ.

"ಈ ಕೆಂಪು ಏನಮ್ಮ?" ಪರೀಕ್ಷಕರೊಬ್ಬರು ಕೇಳಿದರು.

"ಕುಂಕುಮ ಸಾರ್. ನಮ್ಮಜ್ಜಿ ಎರಡಕ್ಕೂ ಇಟ್ಟರು. ಔಷಧಿ ಕುಡಿಯದ್ದು ಹೀಗಾಯ್ತು, ಕುಡಿದದ್ದರ ಮೇಲೆ ಒಂದು ಚುಕ್ಕೆಯೂ ನಿಲ್ಲಲಿಲ್ಲ."

ಅವರೇ ನೀರು ತರಿಸಿ ಉಳಿದ ಬಿಲ್ಲೆಯ ಮೇಲೆ ಹನಿಸಿದರು. ಹನಿ ಮುತ್ತಿನಂತೆ ಕೂತಿತು. ಹನಿಯಂಚು ಬಿಲ್ಲೆಗೆ ತಾಗುವ ಕೋನವನ್ನು ಕ್ಯಾಮೆರಾದಲ್ಲಿ ಹಿಡಿದು ಅಳೆದರು. ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಮಗಳ ಸಂಶೋಧನೆ ಒಪ್ಪಿಗೆಯಾಯಿತು.

ಸಂಜೆ ಮನೆಗೆ ಬಂದರೆ ಅವ್ವ ಬೀದಿಗೆಲ್ಲ ಕೇಳುವಂತೆ, "ನಾನಿಟ್ಟ ಕುಂಕ್ಮದಿಂದ್ಲೇ ಪಾಸಾದ್ಲು!" ಎನ್ನುತ್ತಿದ್ದಳು.

"ಬೂದಿ ನಂದು ಕಣವ್ವಾ," ಎಂದೆ.

"ಬೂದಿ ಬುಡ್ಲಾ, ಅದು ಯಾರ ಒಲೇಲಿಲ್ಲ?"